ಮೈಸೂರಿನಲ್ಲಿ ಕೂತು ಬಾಲ್‌ರೂಮ್ ನೃತ್ಯದ ವಿಡಿಯೋ ಗೇಮ್ ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಡಾನ್ಸ್ ಗೇಮ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬಾಣದ ಗುರುತುಗಳು. 1998ರಲ್ಲಿ ಜಪಾನಿನ ಕೊನಾಮಿ ಕಂಪನಿ ಕಾಲಿನಿಂದ ತುಳಿದು ಆಡುವ ಡಾನ್ಸ್ ಮಷೀನ್ ತಂದಾಗಿನಿಂದ ಇದೇ ರೂಢಿ. ಪರದೆಯ ಮೇಲೆ ಬಾಣ ಬರುತ್ತದೆ, ತಾಳಕ್ಕೆ ಸರಿಯಾಗಿ ಒತ್ತಬೇಕು. ಅದರಲ್ಲೂ ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಬಾಲ್‌ರೂಮ್ ನೃತ್ಯವನ್ನು ಇದೇ ಅಚ್ಚಿಗೆ ಹಾಕಿದರೆ ಅದರ ಜೀವವೇ ಹೋಗುತ್ತದೆ. ಇಲ್ಲಿ ಕುಣಿಯುವವರು ಇಬ್ಬರು. ಒಬ್ಬರು ಮುಂದೆ ಏನು ಮಾಡುತ್ತಾರೆ ಅನ್ನುವುದು ಇನ್ನೊಬ್ಬರಿಗೆ ಹೆಜ್ಜೆ ಬೀಳುವ ಮೊದಲೇ ಗೊತ್ತಾಗಬೇಕು, ಅದೂ ಬಾಯಿ ಬಿಡದೆ. ಆ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಇಬ್ಬರ ನಡುವೆ ಏನು ನಡೆಯುತ್ತದೋ ಅದೇ ಈ ಗೇಮ್‌ನ ಆಟ. ಉಳಿದದ್ದೆಲ್ಲ ಅದಕ್ಕೆ ಆಸರೆ.

ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿರುವ, ಮನೆಯಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್ ಇರುವ ಯಾರೇ ಆದರೂ ಈ ದಾರಿಯಲ್ಲಿ ಹೋಗಬಹುದು. ಮೈಸೂರು, ಮಂಡ್ಯದ ಕಡೆಯವರಾದರೆ ಇನ್ನೂ ಒಳ್ಳೆಯದು. ಗೇಮ್‌ಗೆ ಬೇಕಾದ ಹಾಲ್ ಇಲ್ಲಿದೆ. ಪಿಟೀಲು ನುಡಿಸುವವರು ಬೀದಿಗೊಬ್ಬರು ಸಿಗುತ್ತಾರೆ. ದಸರಾದಲ್ಲಿ ಪೊಲೀಸ್ ಬ್ಯಾಂಡ್ ಕೇಳಿ ಬೆಳೆದ ಕಿವಿಗೆ ಪಾಶ್ಚಾತ್ಯ ವಾದ್ಯ ಹೊಸದೇನಲ್ಲ.

ಮೊದಲು ಒಂದೇ ನೃತ್ಯ ಆರಿಸಿಕೊಳ್ಳಿ

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹತ್ತು ನೃತ್ಯಗಳಿವೆ. ಸ್ಟ್ಯಾಂಡರ್ಡ್ ಗುಂಪಿನಲ್ಲಿ ವಾಲ್ಟ್ಜ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಜ್, ಸ್ಲೋ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್. ಲ್ಯಾಟಿನ್ ಗುಂಪಿನಲ್ಲಿ ಸಾಂಬಾ, ಚಾ-ಚಾ-ಚಾ, ರುಂಬಾ, ಪಾಸೋ ದೋಬ್ಲೆ, ಜೈವ್. ಹತ್ತನ್ನೂ ಹಾಕೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ವಾಲ್ಟ್ಜ್ ಒಂದನ್ನೇ ಹಿಡಿಯಿರಿ.

ಕಾರಣ ವೇಗ. ಸ್ಪರ್ಧೆಯ ವಾಲ್ಟ್ಜ್ ನಿಮಿಷಕ್ಕೆ 28ರಿಂದ 30 ಬಾರ್, ಅಂದರೆ ತಾಳದ ಅಷ್ಟು ಸುತ್ತು, ಓಡುತ್ತದೆ. ಬಾರ್‌ಗೆ ಮೂರು ಬೀಟ್, ಅಂದರೆ ನಿಮಿಷಕ್ಕೆ 84ರಿಂದ 90 ಬೀಟ್. 87 ಅಂತ ಇಟ್ಟುಕೊಂಡರೆ ಒಂದು ಬೀಟ್‌ಗೆ ಸುಮಾರು 690 ಮಿಲಿಸೆಕೆಂಡ್ ಸಿಗುತ್ತದೆ. ಅಷ್ಟರಲ್ಲಿ ಸೂಚನೆ ಕೊಡಬಹುದು, ಜೊತೆಗಾರರು ಅದನ್ನು ಅರ್ಥ ಮಾಡಿಕೊಳ್ಳಬಹುದು, ಹೆಜ್ಜೆಯೂ ಬೀಳಬಹುದು. ವಿಯೆನ್ನೀಸ್ ವಾಲ್ಟ್ಜ್‌ನಲ್ಲಿ ನಿಮಿಷಕ್ಕೆ 174ರಿಂದ 180 ಬೀಟ್. ಅಲ್ಲಿ ಕೈಗೆ ಸಿಗುವುದು ಬರೀ 333ರಿಂದ 345 ಮಿಲಿಸೆಕೆಂಡ್. ಹೊಸ ಆಟಗಾರರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಮೂರರ ಲೆಕ್ಕ ನಮಗೆ ಗೊತ್ತಿರುವುದೇ, ಅಲ್ವಾ? ತಿಸ್ರ ನಡೆಯಲ್ಲಿ ತಕಿಟ ತಕಿಟ ಅಂತ ಹೇಳಿಕೊಟ್ಟರೆ ಸಂಗೀತದ ಕ್ಲಾಸಿಗೆ ಹೋದ ಮಕ್ಕಳು ತಕ್ಷಣ ಹಿಡಿಯುತ್ತಾರೆ. ಒಂದು ವ್ಯತ್ಯಾಸ ಇದೆ. ವಾಲ್ಟ್ಜ್‌ನಲ್ಲಿ ಮೊದಲ ಬೀಟ್ ಭಾರ, ಮುಂದಿನ ಎರಡು ಹಗುರ. ಮೈ ಕೂಡ ಹಾಗೇ ಓಡುತ್ತದೆ. ಒಂದರಲ್ಲಿ ಮಂಡಿ ಸ್ವಲ್ಪ ಬಗ್ಗಿ ಉದ್ದ ಹೆಜ್ಜೆ. ಒಂದರ ಕೊನೆಯಲ್ಲಿ ಏಳಲು ಶುರು. ಎರಡು, ಮೂರರಲ್ಲಿ ಮುಂಗಾಲ ಮೇಲೆ ಎತ್ತರ. ಮೂರರ ಕೊನೆಯಲ್ಲಿ ಮತ್ತೆ ಇಳಿತ. ಈ ಏರಿಳಿತ ಗೇಮ್‌ನಲ್ಲಿ ಕಾಣದಿದ್ದರೆ ಅದು ವಾಲ್ಟ್ಜ್ ಅಲ್ಲ, ಸುಮ್ನೆ ನಡಿಗೆ.

ಕಂಪ್ಯೂಟರ್ ಮುಟ್ಟುವ ಮೊದಲು ನೆಲದ ಮೇಲೆ ಆಡಿ

ಸೀಮೆಸುಣ್ಣ ತೆಗೆದುಕೊಳ್ಳಿ. ರೆಡ್ ಆಕ್ಸೈಡ್ ನೆಲ ಇರುವ ಹಳೇ ಮನೆಯ ಹಜಾರ ಸಿಕ್ಕರೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ. ಇಲ್ಲದಿದ್ದರೆ ತಾರಸಿ ಸಾಕು. ಬಾಕ್ಸ್ ಸ್ಟೆಪ್‌ನ ಆರು ಪಾದದ ಗುರುತು ಬರೆಯಿರಿ. ಮುನ್ನಡೆಸುವವರಿಗೆ ಹೀಗೆ: ಎಡಗಾಲು ಮುಂದೆ, ಬಲಗಾಲು ಪಕ್ಕಕ್ಕೆ, ಎಡಗಾಲು ಬಂದು ಕೂಡುತ್ತದೆ. ಆಮೇಲೆ ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಕೂಡುತ್ತದೆ. ಎದುರಿನವರಿಗೆ ಇದರ ಕನ್ನಡಿ.

ಹಿಡಿತವೂ ಸರಿ ಇರಲಿ. ಮುನ್ನಡೆಸುವವರ ಎಡಗೈ ಎದುರಿನವರ ಬಲಗೈಯನ್ನು ಹಿಡಿದಿರುತ್ತದೆ. ಬಲಗೈ ಎದುರಿನವರ ಎಡ ಹೆಗಲ ಮೂಳೆಯ ಮೇಲೆ. ಇಬ್ಬರೂ ನೇರ ಎದುರುಬದುರು ನಿಲ್ಲುವುದಿಲ್ಲ. ಎದುರಿನವರು ಮುನ್ನಡೆಸುವವರ ಬಲಕ್ಕೆ ಒಂದಿಷ್ಟು ಸರಿದಿರುತ್ತಾರೆ, ಇಲ್ಲದಿದ್ದರೆ ಮಂಡಿಗೆ ಮಂಡಿ ತಾಗುತ್ತದೆ.

ಈಗ ಅಸಲಿ ಪರೀಕ್ಷೆ. ಹಿಂಬಾಲಿಸುವವರು ಕಣ್ಣು ಮುಚ್ಚಿಕೊಳ್ಳಲಿ. ಮುನ್ನಡೆಸುವವರು ಮುಂದೆ ಹೋಗುತ್ತಾರೋ, ಹಿಂದಕ್ಕೋ, ಅಲ್ಲೇ ನಿಲ್ಲುತ್ತಾರೋ ಹೇಳಬಾರದು. ಸರಸ್ವತಿಪುರಂನ ಒಂದು ಮನೆಯಲ್ಲಿ ಅಕ್ಕ-ತಮ್ಮ ಇದನ್ನು ಮಾಡಿದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ತಮ್ಮ ಹೆಜ್ಜೆ ಇಡದೆ ಬೇಕಂತಲೇ ನಿಂತುಬಿಟ್ಟ. ಕಣ್ಣು ಮುಚ್ಚಿದ್ದ ಅಕ್ಕನೂ ಅದೇ ಕ್ಷಣ ನಿಂತಳು.

"ಅಕ್ಕಾ, ನಿಂಗೆ ಹೇಗ್ ಗೊತ್ತಾಯ್ತು?"

"ನಿನ್ನ ಎದೆ ಮುಂದಕ್ಕೆ ಬರ್ಲೇ ಇಲ್ವಲ್ಲೋ. ಕಾಲಿಗಿಂತ ಮೊದಲು ಅದೇ ಅಲ್ವಾ ಬರೋದು."

ಅಕ್ಕನ ಈ ಮಾತನ್ನೇ ಗೇಮ್‌ನ ವಿನ್ಯಾಸ ಪತ್ರದ ಮೊದಲ ಸಾಲಾಗಿ ಬರೆದುಕೊಳ್ಳಿ. ಸೂಚನೆ ಮೈಯಿಂದ ಬರುತ್ತದೆ, ಬೀಟ್‌ಗಿಂತ ಮೊದಲು ಬರುತ್ತದೆ. ಈ ಪ್ರಯೋಗವನ್ನು ಬೇರೆ ಬೇರೆ ಜೋಡಿಗಳ ಜೊತೆ ಮಾಡಿ, ಫೋನಿನಲ್ಲಿ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಎದೆ, ಭುಜ, ಸೊಂಟ, ಕಾಲು ಯಾವ ಸರದಿಯಲ್ಲಿ ಕದಲುತ್ತವೆ ಅಂತ ಗುರುತು ಹಾಕಿ. ಮುಂದೆ ಅನಿಮೇಷನ್‌ಗೂ ಇದೇ ಆಧಾರ.

ಆಟಗಾರ ಬೆರಳಿನಿಂದ ಏನು ಮಾಡುತ್ತಾನೆ?

ನಮ್ಮ ಕಡೆ ಹೆಚ್ಚಿನವರು ಆಡುವುದು ಫೋನಿನಲ್ಲೇ. ಹಾಗಾಗಿ ಫೋನನ್ನು ಅಡ್ಡ ಹಿಡಿದು ಎರಡು ಹೆಬ್ಬೆರಳಿನಿಂದ ಆಡುವಂತೆ ಯೋಚಿಸಿ.

ನನ್ನ ಸಲಹೆ: ಬಲ ಹೆಬ್ಬೆರಳನ್ನು ಒತ್ತಿ ಎಳೆಯುವುದು ಸೂಚನೆ, ಬಿಡುವುದು ಹೆಜ್ಜೆ. ಮುಂದಕ್ಕೆ ಎಳೆದರೆ ಪಾತ್ರದ ಎದೆ ಮುಂದಕ್ಕೆ ವಾಲುತ್ತದೆ. ಬೆರಳು ಬಿಟ್ಟಾಗ ಭಾರ ಕಾಲಿನ ಮೇಲೆ ಬೀಳುತ್ತದೆ. ಎಳೆತ ಬೀಟ್‌ಗಿಂತ ಮೊದಲು ಆಗಬೇಕು, ಬಿಡುವುದು ಬೀಟ್ ಮೇಲೆ ಆಗಬೇಕು. ಬಟನ್ ಗುದ್ದುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಒಂದು ಸಲ ಆಡಿದರೆ ಸಾಕು, ಕೈಗೇ ತಿಳಿಯುತ್ತದೆ. ಆಟಗಾರ ತಾಳದ ಹಿಂದೆ ಓಡುವುದಿಲ್ಲ. ಬರುವ ತಾಳಕ್ಕೆ ತಯಾರಾಗಿ ಕಾಯುತ್ತಾನೆ.

ಶುರುವಿಗೆ ಈ ಅಂಕಿಗಳನ್ನು ಇಡಿ, ಆಮೇಲೆ ಆಡಿಸಿ ನೋಡಿ ಬದಲಿಸಿ. ಬೀಟ್‌ಗೆ 345ರಿಂದ 120 ಮಿಲಿಸೆಕೆಂಡ್ ಮೊದಲು ಸೂಚನೆ ಬಂದರೆ ಸ್ಪಷ್ಟ. ಅದಕ್ಕಿಂತ ತಡವಾದರೆ ಎದುರಿನವರ ಹೆಜ್ಜೆಯೂ ಅಷ್ಟೇ ತಡ. ಬೆರಳು ಬಿಡುವುದು ಬೀಟ್‌ನ ಆಚೀಚೆ 80 ಮಿಲಿಸೆಕೆಂಡ್ ಒಳಗಿದ್ದರೆ ಸರಿ. ಎಡ ಹೆಬ್ಬೆರಳಿಗೆ ಹಿಡಿತದ ಕೆಲಸ ಕೊಡಿ: ಒಂದು ಉಂಗುರವನ್ನು ಒತ್ತಿ ಹಿಡಿದಿರಬೇಕು, ಬೆರಳು ಅಲುಗಾಡಿದರೆ ಸೂಚನೆ ಮಸುಕಾಗುತ್ತದೆ. ಆದರೆ ಇದನ್ನು ಮೊದಲ ದಿನವೇ ಹಾಕಬೇಡಿ. ಬಲ ಬೆರಳಿನ ಆಟ ಒಂದೇ ಖುಷಿ ಕೊಡುತ್ತಿದೆ ಅಂತ ಖಾತ್ರಿಯಾದ ಮೇಲೆ ಸೇರಿಸಿ.

ಎದುರಿನ ಪಾತ್ರಕ್ಕೆ ದೊಡ್ಡ ಕೃತಕ ಬುದ್ಧಿಮತ್ತೆ ಏನೂ ಬೇಕಾಗಿಲ್ಲ. ಮೂರು ಅಂಕಿ ಸಾಕು. ಸೂಚನೆ ಓದಲು ಹಿಡಿಯುವ ಸಮಯ ಒಂದು, ಸಮತೋಲನ ಒಂದು, ನಂಬಿಕೆ ಒಂದು. ಮೊದಲು 120 ಮಿಲಿಸೆಕೆಂಡ್ ತೆಗೆದುಕೊಳ್ಳುವ ಜೊತೆಗಾತಿ, ನಾಲ್ಕೈದು ಸೂಚನೆ ಸ್ಪಷ್ಟವಾಗಿ ಬಂದ ಮೇಲೆ ನಂಬಿಕೆ ಏರಿ 90ಕ್ಕೆ ಇಳಿಯಲಿ. ಎರಡು ಸಲ ತಪ್ಪು ದಾರಿಗೆ ಎಳೆದರೆ ಮತ್ತೆ ನಿಧಾನವಾಗಲಿ. ಆಟಗಾರನಿಗೆ ಈ ಅಂಕಿ ತೋರಿಸಬೇಡಿ. ಆಕೆಯ ಮೊಣಕೈ ಬಿಗಿಯಾಗುವುದು, ಭುಜ ಸಡಿಲವಾಗುವುದು, ಇಷ್ಟರಿಂದಲೇ ತಿಳಿಯಲಿ.

ಪಾತ್ರ ಅದಲುಬದಲು ಮಾಡುವ ಅವಕಾಶ ಕಡ್ಡಾಯವಾಗಿ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಿಂಬಾಲಿಸುವುದು ಸುಮ್ಮನೆ ಎಳೆಸಿಕೊಂಡು ಹೋಗುವುದಲ್ಲ. ಅದು ಕೇಳುವ ಕೌಶಲ, ಮುನ್ನಡೆಸುವುದಕ್ಕಿಂತ ಕಷ್ಟ. ಆ ಬದಿಯಿಂದ ಆಡುವಾಗ ಪರದೆಯಲ್ಲಿ ಬಾಣ ಇರಬಾರದು. ಎದುರಿನವರ ಎದೆ, ಭುಜ ಮಾತ್ರ ದೊಡ್ಡದಾಗಿ ಕಾಣಲಿ. ಅದನ್ನು ಓದಿ ದಿಕ್ಕು ಹಿಡಿಯಬೇಕು. ಹೆಣ್ಣು ಮುನ್ನಡೆಸಲಿ, ಗಂಡು ಹಿಂಬಾಲಿಸಲಿ, ಇಬ್ಬರು ಗೆಳತಿಯರೇ ಕುಣಿಯಲಿ, ಗೇಮ್‌ಗೆ ತಡೆ ಇರಬಾರದು.

ಎಂಜಿನ್ ಮತ್ತು ಗಡಿಯಾರ

ಎಂಜಿನ್ ಅಂದರೆ ಗೇಮ್ ಕಟ್ಟುವ ತಂತ್ರಾಂಶ. ಗೋಡೋ ಎಂಜಿನ್ ಸಾಕು. ಪುಕ್ಕಟೆ, ಮುಕ್ತ ಆಕರ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ನಾಲ್ಕನೇ ಆವೃತ್ತಿಯನ್ನೋ ಅದರ ಮುಂದಿನದನ್ನೋ ಹಾಕಿಕೊಳ್ಳಿ. ಇದಕ್ಕೆ ಕನ್ನಡಿಗರಿಗೇ ಸೇರಿದ ಒಂದು ಕಾರಣ ಇದೆ, ಆಮೇಲೆ ಹೇಳುತ್ತೇನೆ.

ತಾಳದ ಗೇಮ್‌ಗಳು ಹಾಳಾಗುವುದು ಹೆಚ್ಚಾಗಿ ಗಡಿಯಾರದಲ್ಲಿ. ಪ್ರತಿ ಫ್ರೇಮ್‌ನ ಸಮಯ ಕೂಡಿಸುತ್ತಾ ಹೋಗಿ ಬೀಟ್ ಲೆಕ್ಕ ಹಾಕಿದರೆ ಅರ್ಧ ಹಾಡು ಮುಗಿಯುವಷ್ಟರಲ್ಲಿ ಹೆಜ್ಜೆ ಒಂದು ಕಡೆ, ಸಂಗೀತ ಒಂದು ಕಡೆ. ಹಾಡೇ ಗಡಿಯಾರವಾಗಬೇಕು. ಪ್ಲೇಯರ್ ಹೇಳುವ ಹಾಡಿನ ಸ್ಥಾನ ತೆಗೆದುಕೊಳ್ಳಿ. ಅದು ಚೂರು ಚೂರಾಗಿ ಜಿಗಿಯುತ್ತದೆ, ಯಾಕೆಂದರೆ ಎಂಜಿನ್ ಧ್ವನಿಯನ್ನು ತುಂಡು ತುಂಡಾಗಿ ಬೆರೆಸುತ್ತದೆ. ಹಾಗಾಗಿ ಕೊನೆಯ ತುಂಡು ಬೆರೆಸಿದ ಮೇಲೆ ಎಷ್ಟು ಹೊತ್ತಾಯಿತೋ ಅದನ್ನು ಕೂಡಿಸಿ, ಸ್ಪೀಕರ್‌ಗೆ ತಲುಪಲು ಹಿಡಿಯುವ ವಿಳಂಬವನ್ನು ಕಳೆಯಿರಿ. ಈ ಎರಡು ಅಂಕಿಗಳನ್ನೂ ಗೋಡೋದ ಆಡಿಯೋ ಸರ್ವರ್ ಕೊಡುತ್ತದೆ. ಬಂದ ಉತ್ತರವೇ ಈ ಕ್ಷಣ ಕಿವಿಗೆ ಕೇಳುತ್ತಿರುವ ಜಾಗ.

ಇಷ್ಟಾದರೂ ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಅದರ ವಿಳಂಬ ಕೆಲವು ಸಲ 200 ಮಿಲಿಸೆಕೆಂಡ್ ದಾಟುತ್ತದೆ, ನಾವು ಕೊಟ್ಟ 80ರ ಅವಕಾಶ ಎಲ್ಲಿಗೂ ಸಾಲದು. ಆದ್ದರಿಂದ ಆಟ ಶುರುವಾಗುವ ಮೊದಲು ಒಂದು ಚಿಕ್ಕ ಹೊಂದಾಣಿಕೆ ಪರದೆ ಇಡಿ. ಟಿಕ್ ಟಿಕ್ ಸದ್ದಿಗೆ ಹದಿನಾರು ಸಲ ತಟ್ಟಲು ಹೇಳಿ. ಸರಾಸರಿ ತೆಗೆಯಬೇಡಿ, ಒಂದೆರಡು ಕೆಟ್ಟ ತಟ್ಟು ಅದನ್ನು ಕೆಡಿಸಿಬಿಡುತ್ತದೆ. ಎಲ್ಲವನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಅಂಕಿ ತೆಗೆದುಕೊಳ್ಳಿ. ಸ್ಪೀಕರ್, ವೈರ್, ಬ್ಲೂಟೂತ್ ಮೂರಕ್ಕೂ ಬೇರೆ ಬೇರೆ ಉಳಿಸಿಡಿ.

ಸಂಗೀತ ಎಲ್ಲಿಂದ ತರುವುದು

ಯೂಟ್ಯೂಬ್‌ನಿಂದ ಇಳಿಸಿಕೊಂಡು ಹಾಕುವುದು ಬೇಡ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಂಗೀತ ರಚನೆಗೆ ರಚನೆಕಾರರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ರಕ್ಷಣೆ ಇದೆ. ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ. ಈ ಎರಡೂ ಬೇರೆ ಬೇರೆ ಹಕ್ಕು ಅನ್ನುವುದು ಬಹಳ ಜನಕ್ಕೆ ತಲೆಗೆ ಹೋಗುವುದಿಲ್ಲ. ವಿಯೆನ್ನಾದ ಯೋಹಾನ್ ಸ್ಟ್ರಾಸ್ ತೀರಿಕೊಂಡದ್ದು 1899ರಲ್ಲಿ, ಅವರ ವಾಲ್ಟ್ಜ್‌ಗಳನ್ನು ಯಾರು ಬೇಕಾದರೂ ನುಡಿಸಬಹುದು. ಆದರೆ ಹತ್ತು ವರ್ಷದ ಹಿಂದೆ ಒಂದು ಆರ್ಕೆಸ್ಟ್ರಾ ಅದನ್ನು ನುಡಿಸಿ ಮುದ್ರಿಸಿದ್ದರೆ ಆ ಮುದ್ರಣ ಅವರದು.

ಹಾಗಾದರೆ ನಾವೇ ನುಡಿಸೋಣ. ಮೈಸೂರಿನಲ್ಲಿ ಇದಕ್ಕೆ ಜನ ಇದ್ದಾರೆ. ಇಬ್ಬರು ಪಿಟೀಲು, ಒಂದು ಕೀಬೋರ್ಡ್ ಸಾಕು. ಇನ್ನೂ ಒಂದು ದಾರಿ ನನಗೆ ತುಂಬಾ ಇಷ್ಟ. 1835ರಲ್ಲಿ ತೀರಿಕೊಂಡ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೋಟ್ಟುಸ್ವರಗಳನ್ನು ಕಟ್ಟಿದರು. ಶಂಕರಾಭರಣದ ಸ್ವರಗಳು, ಗಮಕ ಇಲ್ಲದ ನೇರ ನಡೆ. ಅವುಗಳಲ್ಲಿ ತಿಸ್ರದಲ್ಲಿ ಇರುವಂಥವೂ ಇವೆ. ಅಂಥದ್ದೊಂದರ ಜಾಡು ಹಿಡಿದು ನಿಮ್ಮದೇ ಹೊಸ ಮಟ್ಟು ಕಟ್ಟಿಸಿ, 87ರ ವೇಗಕ್ಕೆ ತಂದು, ಮೊದಲ ಬೀಟ್‌ಗೆ ಭಾರ ಕೊಟ್ಟರೆ ಮೈಸೂರಿನ ವಾಲ್ಟ್ಜ್ ಒಂದು ಸಿಕ್ಕಿತು. ಹೊರಗಿನದನ್ನು ಒಳಗೆ ತಂದು ನಮ್ಮದು ಮಾಡಿಕೊಳ್ಳುವುದು ಈ ಊರಿಗೆ ಹೊಸದಲ್ಲ. ಜಯಚಾಮರಾಜ ಒಡೆಯರ್ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಂಘದ ಮೊದಲ ಅಧ್ಯಕ್ಷರಾಗಿದ್ದವರು, ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರೂ ಅವರೇ.

ಮುದ್ರಿಸುವಾಗ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ಹಾಕಿಕೊಂಡು ನುಡಿಸಿದರೆ ನಿಮ್ಮ ಕೆಲಸ ಸುಲಭ. ಆದರೆ ಮನುಷ್ಯರು ನುಡಿಸಿದಾಗ ಸ್ವಲ್ಪ ಹಿಗ್ಗು ಕುಗ್ಗು ಇರುತ್ತದೆ, ಅದರಲ್ಲೇ ಸೊಗಸು. ವಿಯೆನ್ನಾದ ವಾದ್ಯಗಾರರು ಎರಡನೇ ಬೀಟ್ ಅನ್ನು ಬೇಕಂತಲೇ ಚೂರು ಬೇಗ ನುಡಿಸುತ್ತಾರೆ. ಅಂಥ ಕಡೆ ಒಂದೇ ವೇಗದ ಲೆಕ್ಕ ನಡೆಯಲ್ಲ, ಬೀಟ್ ನಕ್ಷೆ ಬೇಕು. ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಹಾಡು ತೆರೆಯಿರಿ, ಲೇಬಲ್ ಟ್ರ್ಯಾಕ್‌ನಲ್ಲಿ ಪ್ರತಿ ಬೀಟ್‌ಗೂ ಗುರುತು ಹಾಕಿ, ತರಂಗ ಹಿಗ್ಗಿಸಿ ನೋಡಿ ಸರಿಪಡಿಸಿ, ಪಠ್ಯ ಕಡತವಾಗಿ ಹೊರತೆಗೆಯಿರಿ. ಬೇಜಾರಿನ ಕೆಲಸ. ಆದರೂ ಕೈಯಿಂದಲೇ ಮಾಡಿ. ತಾನೇ ಬೀಟ್ ಹುಡುಕುವ ತಂತ್ರಾಂಶಗಳು ವಾಲ್ಟ್ಜ್‌ನಲ್ಲಿ ಒಂದು ಯಾವುದು, ಎರಡು ಯಾವುದು ಅಂತ ಆಗಾಗ ಎಡವುತ್ತವೆ.

ಹಾಲ್ ಮತ್ತು ಅದರ ಸಂಚಾರ

ಚಾಮುಂಡಿ ಬೆಟ್ಟದ ಕೆಳಗಿನ ಲಲಿತ ಮಹಲ್ ಎಲ್ಲರಿಗೂ ಗೊತ್ತು. ವೈಸ್‌ರಾಯ್ ಬಂದರೆ ಉಳಿದುಕೊಳ್ಳಲಿ ಅಂತ ನಾಲ್ವಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. 1921ರಲ್ಲಿ ಅಡಿಗಲ್ಲು, ಮುಂಬಯಿಯ ಇ. ಡಬ್ಲ್ಯೂ. ಫ್ರಿಚ್ಲಿ ವಾಸ್ತುಶಿಲ್ಪಿ. ಅಲ್ಲಿ ಒಂದು ಬಾಲ್‌ರೂಮ್ ಇದೆ. ಮೇಲೆ ಬೆಲ್ಜಿಯಂ ಗಾಜಿನ ಗುಮ್ಮಟ, ಅದರಿಂದ ಬೆಳಕು ಇಳಿಯುತ್ತದೆ. ಅದನ್ನೇ ಗೋಡೆಗೆ ಗೋಡೆ ನಕಲು ಮಾಡಬೇಡಿ. ಬೆಳಕು ಮೇಲಿನಿಂದ ಬೀಳುವ ರೀತಿ, ಎತ್ತರದ ಚಾವಣಿ, ಅಂಚಿನ ಕಂಬಗಳು, ಇಷ್ಟನ್ನು ನೋಡಿ ಬಂದು ನಿಮ್ಮದೇ ಹಾಲ್ ಕಟ್ಟಿ. ಮೇಲಿನ ಬೆಳಕು ಗೇಮ್‌ಗೂ ಒಳ್ಳೆಯದು, ನೆರಳು ಕಾಲಿನ ಕೆಳಗೇ ಬೀಳುವುದರಿಂದ ಹೆಜ್ಜೆ ಎಲ್ಲಿದೆ ಅಂತ ಕಣ್ಣಿಗೆ ಹತ್ತುತ್ತದೆ.

ಹಾಲ್‌ನಲ್ಲಿ ಎಲ್ಲ ಜೋಡಿಗಳೂ ಅಪ್ರದಕ್ಷಿಣವಾಗಿ ಸುತ್ತುತ್ತವೆ. ಇದು ಸ್ಟ್ಯಾಂಡರ್ಡ್ ನೃತ್ಯಗಳ ನಿಯಮ. ನಮ್ಮ ಆಟಗಾರರಿಗೆ ಇದೇ ದೊಡ್ಡ ತೊಡಕು. ಗುಡಿಯಲ್ಲಿ ಪ್ರದಕ್ಷಿಣೆ ಹಾಕಿ, ಕೆ.ಆರ್. ಸರ್ಕಲ್ ಸುತ್ತಿ ರೂಢಿಯಾದ ಮೈ ಸರಿಯಾಗಿ ಉಲ್ಟಾ ದಿಕ್ಕಿಗೆ ಹೊರಡುತ್ತದೆ. ಹಾಗಾಗಿ ಮೊದಲ ಹಂತದಲ್ಲಿ ಬೇರೆ ಜೋಡಿಗಳನ್ನು ಮುಂದೆ ಬಿಟ್ಟು, ಅವರ ಹಿಂದೆ ಹೋಗುವಂತೆ ಮಾಡಿ. ಹೇಳಿಕೊಡುವುದಕ್ಕಿಂತ ಇದು ಬೇಗ ಹತ್ತುತ್ತದೆ.

ಹೆಜ್ಜೆಗಳ ದಿಕ್ಕನ್ನು 45 ಡಿಗ್ರಿಯ ಗುಣಕಗಳಲ್ಲಿ ಬರೆದಿಡಿ. ಇದು ನನ್ನ ಕಲ್ಪನೆ ಅಲ್ಲ, ನೃತ್ಯದ ಶಾಸ್ತ್ರವೇ ಹಾಗಿದೆ. ನ್ಯಾಚುರಲ್ ಟರ್ನ್ ತೆಗೆದುಕೊಳ್ಳಿ. ಮುನ್ನಡೆಸುವವರು ಗೋಡೆಯ ಕಡೆ ಓರೆಯಾಗಿ ನಿಂತು ಬಲಗಾಲಿನಿಂದ ಶುರು ಮಾಡುತ್ತಾರೆ. ಮೊದಲ ಮೂರು ಹೆಜ್ಜೆಯಲ್ಲಿ ಬಲಕ್ಕೆ 135 ಡಿಗ್ರಿ, ಈಗ ಬೆನ್ನು ಸಾಗುವ ದಿಕ್ಕಿಗೆ. ಮುಂದಿನ ಮೂರರಲ್ಲಿ ಮತ್ತೆ 135, ಈಗ ಹಾಲ್‌ನ ನಡುವಿನ ಕಡೆ ಓರೆ. ಒಟ್ಟು 270. ಪ್ರತಿ ಹೆಜ್ಜೆಗೂ ಒಂದು ಸಾಲು: ಯಾವ ಕಾಲು, ಯಾವ ಕಡೆ, ಎಷ್ಟು ತಿರುವು, ಎಷ್ಟು ಎತ್ತರ, ಯಾವ ಬೀಟ್. ಹೀಗೆ ಆರು ಸಾಲು ಬರೆದರೆ ಒಂದು ವರಸೆ ತಯಾರು. ಬಾಕ್ಸ್ ಸ್ಟೆಪ್, ನ್ಯಾಚುರಲ್ ಟರ್ನ್, ಎಡಕ್ಕೆ ತಿರುಗುವ ರಿವರ್ಸ್ ಟರ್ನ್, ಮೂಲೆಗೆ ಬೇಕಾದ ನ್ಯಾಚುರಲ್ ಸ್ಪಿನ್ ಟರ್ನ್, ನಿಲುಗಡೆಗೆ ಹೆಸಿಟೇಶನ್. ಮೊದಲ ಬಿಡುಗಡೆಗೆ ಐದು ಸಾಕು.

ಒಂದು ಲೆಕ್ಕ ಮಾಡಿ ನೋಡಿ. ಒಂದೂವರೆ ನಿಮಿಷದ ಹಾಡಿನಲ್ಲಿ ಸುಮಾರು 43 ಬಾರ್, 130 ಹೆಜ್ಜೆ. ಒಂದು ವರಸೆಗೆ ಎರಡು ಬಾರ್ ಹಿಡಿದರೆ ಆಟಗಾರ ಯೋಚಿಸಿ ತೀರ್ಮಾನ ಮಾಡುವುದು ಇಪ್ಪತ್ತೊಂದು ಸಲ. ಇಷ್ಟು ಸಾಕಷ್ಟಾಯಿತು. ಮುಂದೆ ಯಾರಾದರೂ ಅಡ್ಡ ಬಂದರೆ ಬದಲಿಸಬೇಕು, ಮೂಲೆ ಬಂದರೆ ತಿರುಗಬೇಕು, ಖಾಲಿ ಜಾಗ ಕಂಡರೆ ಉದ್ದ ಹೆಜ್ಜೆ ಹಾಕಬೇಕು. ಬೇರೆ ಜೋಡಿಗಳಿಗೆ ಹಾಲ್ ಸುತ್ತ ಒಂದು ಅಂಡಾಕಾರದ ಗೆರೆ ಹಾಕಿ, ಅದರ ಮೇಲೆ ನಡೆಸಿ, ಎದುರಿಗೆ ಒಂದೂವರೆ ಮೀಟರ್‌ನಲ್ಲಿ ಯಾರಾದರೂ ಇದ್ದರೆ ಅವರೂ ಹೆಸಿಟೇಶನ್ ಮಾಡಲಿ.

ಆಟಗಾರನ ಸೂಚನೆ ತಪ್ಪಿದಾಗಲೂ ಇದೇ ಉಪಾಯ. ಕೆಂಪು ಗುರುತು, ಕೆಟ್ಟ ಸದ್ದು ಏನೂ ಬೇಡ. ಜೋಡಿ ಹೆಸಿಟೇಶನ್‌ಗೆ ಇಳಿದು, ಒಂದು ಬಾರ್ ತೂಗಾಡಿ, ಮುಂದಿನ ಒಂದಕ್ಕೆ ಮತ್ತೆ ಹೊರಡಲಿ. ನಿಜವಾದ ಹಾಲ್‌ನಲ್ಲಿ ಅನುಭವಸ್ಥರು ಮಾಡುವುದೂ ಅದನ್ನೇ.

ಎರಡು ಮೈ, ಒಂದು ಕೇಂದ್ರ

ಇಬ್ಬರನ್ನೂ ಬೇರೆ ಬೇರೆ ಓಡಿಸಿ ಕೈ ಜೋಡಿಸಲು ಹೋದರೆ ಕೈಗಳು ಒಂದರೊಳಗೊಂದು ತೂರುತ್ತವೆ. ನೆಲದ ಮೇಲೆ ಜೋಡಿಯ ಕೇಂದ್ರ ಅಂತ ಒಂದು ಬಿಂದು ಇಡಿ. ಸಾಗುವುದು, ತಿರುಗುವುದು ಆ ಬಿಂದು. ಇಬ್ಬರೂ ಅದಕ್ಕೆ ಅಂಟಿಕೊಂಡಿರಲಿ. ಪಾದಗಳನ್ನು ಮೊದಲೇ ಲೆಕ್ಕ ಹಾಕಿದ ಹೆಜ್ಜೆ ಗುರುತಿನ ಮೇಲೆ ಇನ್ವರ್ಸ್ ಕೈನೆಮ್ಯಾಟಿಕ್ಸ್‌ನಿಂದ (ಪಾದ ಎಲ್ಲಿರಬೇಕು ಅಂತ ಹೇಳಿದರೆ ಮಂಡಿ, ಸೊಂಟದ ಬಾಗನ್ನು ತಾನೇ ಲೆಕ್ಕ ಹಾಕುವ ವಿಧಾನ) ಕೂರಿಸಿ, ಭಾರ ಬಿದ್ದ ಪಾದ ನೆಲ ಬಿಟ್ಟು ಜಾರಬಾರದು. ಕೈಗಳಿಗೂ ಅದೇ ವಿಧಾನ. ಸೊಂಟದ ಎತ್ತರಕ್ಕೆ ಏರಿಳಿತದ ಒಂದು ವಕ್ರರೇಖೆ. ಇಬ್ಬರ ತಲೆಯೂ ತಮ್ಮ ತಮ್ಮ ಎಡಕ್ಕೆ ತಿರುಗಿರಲಿ.

ಹೆಜ್ಜೆ ಬೀಳುವುದು ಬೀಟ್ ಮೇಲೆ, ಆದ್ದರಿಂದ ಅನಿಮೇಷನ್ ಅದಕ್ಕೂ ಮೊದಲೇ ಶುರುವಾಗಿರಬೇಕು. ಬೆರಳು ಎಳೆದ ಕೂಡಲೇ ಎದೆ ವಾಲುವುದು ಇದಕ್ಕೇ. ಆಗ ಬೆರಳು ಬಿಟ್ಟ ಕ್ಷಣಕ್ಕೆ ಪಾದ ನೆಲ ಮುಟ್ಟಲು ಸಮಯ ಇರುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡಿದರೆ ಒಂದು ಫ್ರೇಮ್ 16.7 ಮಿಲಿಸೆಕೆಂಡ್. ಐದು ಫ್ರೇಮ್ ತಡವಾದರೆ ನಮ್ಮ 80ರ ಅವಕಾಶ ಅಲ್ಲಿಗೇ ಮುಗಿಯಿತು.

ಉಡುಪಿನ ವಿಷಯ. ಗೌನ್ ಜೊತೆಗೆ ಮೈಸೂರು ರೇಷ್ಮೆ ಸೀರೆಯೂ ಇರಲಿ. ಬಟ್ಟೆಯ ಪೂರ್ತಿ ಭೌತಿಕ ಲೆಕ್ಕ ಕಡಿಮೆ ಬೆಲೆಯ ಫೋನ್‌ಗೆ ಭಾರ. ನೆರಿಗೆಗೆ ಮೂರು ಸಾಲು, ಸೆರಗಿಗೆ ಒಂದು ಸಾಲು ಮೂಳೆ (ಅನಿಮೇಷನ್‌ನಲ್ಲಿ ಆಕೃತಿಯನ್ನು ಕದಲಿಸುವ ಒಳಗಿನ ಕಡ್ಡಿ) ಕೊಟ್ಟು, ಪ್ರತಿ ಮೂಳೆಯೂ ಮೇಲಿನದನ್ನು ಸ್ವಲ್ಪ ತಡವಾಗಿ ಹಿಂಬಾಲಿಸುವಂತೆ ಮಾಡಿದರೆ ತಿರುವಿನಲ್ಲಿ ಸೆರಗು ಬೀಸುವುದು ಚಂದವಾಗಿ ಬರುತ್ತದೆ. ಸೀರೆಯಲ್ಲಿ ಹಿಂದಕ್ಕೆ ಇಡುವ ಹೆಜ್ಜೆ ಗಿಡ್ಡ, ಆ ಉದ್ದವನ್ನೂ ಕಡಿಮೆ ಮಾಡಿ. ಮೂರು ಆಯಾಮದ ಆಕೃತಿ ಕಟ್ಟುವ ಬ್ಲೆಂಡರ್ ತಂತ್ರಾಂಶ ಒಂದು ಬಂದರೆ ಇಷ್ಟೂ ಆಗುತ್ತದೆ.

ಅಂಕ

ಕುಣಿಯುವಾಗ ಪರದೆಯಲ್ಲಿ ಅಂಕ ಬೇಡ. ಮುಗಿದ ಮೇಲೆ ಮೂರು ಸಂಗತಿ ಹೇಳಿ: ತಾಳ, ಇಬ್ಬರ ಹೊಂದಾಣಿಕೆ, ಹಾಲ್‌ನಲ್ಲಿ ಸಾಗಿದ ರೀತಿ. ಹೊಂದಾಣಿಕೆ ಅಂದರೆ ಇಬ್ಬರ ಹೆಜ್ಜೆಯ ನಡುವಿನ ಸಮಯದ ವ್ಯತ್ಯಾಸ. ಇಬ್ಬರೂ ಒಟ್ಟಿಗೆ 60 ಮಿಲಿಸೆಕೆಂಡ್ ತಡವಾದರೆ ತಾಳಕ್ಕೆ ಕಡಿಮೆ ಬರಲಿ, ಹೊಂದಾಣಿಕೆಗೆ ಪೂರ್ತಿ ಬರಲಿ. ತಪ್ಪನ್ನೂ ಒಟ್ಟಿಗೆ ಮಾಡಿದ ಜೋಡಿ ಒಳ್ಳೆಯ ಜೋಡಿಯೇ.

ಕನ್ನಡದಲ್ಲೇ ಇರಲಿ

ಗೋಡೋ ನಾಲ್ಕು ಹಾಕಿಕೊಳ್ಳಿ ಅಂದದ್ದು ಇದಕ್ಕೆ. ಹಳೇ ಮೂರನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಒಡೆದು ಬರುತ್ತಿದ್ದವು. ನಾಲ್ಕರಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆಯೇ ಹೊಸದು, "ಹೆಜ್ಜೆ" ಅಂತ ಬರೆದರೆ ಹೆಜ್ಜೆ ಅಂತಲೇ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ, ಗೇಮ್ ಒಳಗೇ ಸೇರಿಸಿ. ಸಂಭಾಷಣೆಯನ್ನು ಒಂದೊಂದೇ ಅಕ್ಷರ ಮೂಡಿಸುವ ತಂತ್ರ ಬಳಸುವುದಾದರೆ ಜಾಗ್ರತೆ. ಕಂಪ್ಯೂಟರ್‌ಗೆ "ಜ್ಜೆ" ಒಂದು ಅಕ್ಷರ ಅಲ್ಲ, ನಾಲ್ಕು ಸಂಕೇತ. ನಡುವೆ ನಿಂತರೆ ಅರ್ಧ ಜ ಕಾಣುತ್ತದೆ. ಪದಪದವಾಗಿ ಮೂಡಿಸಿದರೆ ಈ ರಗಳೆ ಇಲ್ಲ. ವರಸೆಗಳ ಹೆಸರನ್ನು ಅನುವಾದ ಮಾಡಲು ಹೋಗಬೇಡಿ, ನ್ಯಾಚುರಲ್ ಟರ್ನ್ ಹಾಗೇ ಇರಲಿ. ಮುಂದೆ ಆಟಗಾರರು ನಿಜವಾದ ಕ್ಲಾಸಿಗೆ ಹೋದರೆ ಅಲ್ಲಿ ಕೇಳುವುದು ಅದೇ ಹೆಸರು.

ಆಡಿಸಿ ನೋಡುವುದು, ಬಿಡುಗಡೆ

ಹಾಲ್, ಉಡುಪು ಮುಗಿಯುವ ತನಕ ಕಾಯಬೇಡಿ. ಎರಡು ಗೊಂಬೆ, ಒಂದು ಬೂದು ನೆಲ, ಒಂದು ಹಾಡು ಇದ್ದಾಗಲೇ ಜನರ ಕೈಗೆ ಕೊಡಿ. ಗೇಮ್ ಆಡುವ ಹುಡುಗರು ಮಾತ್ರ ಸಾಲದು. ಭರತನಾಟ್ಯ ಕಲಿಯುವವರು, ಮೃದಂಗದವರು, ಫೋನಿನಲ್ಲಿ ಹಾಡು ಮಾತ್ರ ಕೇಳುವ ಅಜ್ಜಿ, ಎಲ್ಲರೂ ಬೇಕು. ತಾಳ ಗೊತ್ತಿರುವವರು ಮೊದಮೊದಲು ಬೆರಳನ್ನು ಬೀಟ್ ಮೇಲೆ ಒತ್ತುತ್ತಾರೆ, ಯಾಕೆಂದರೆ ಅವರಿಗೆ ತಾಳ ಅಂದರೆ ತಟ್ಟುವುದು. ಅವರಿಗೆ ವಿವರಿಸಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ. ಮೂರನೇ ಹಾಡಿನ ಹೊತ್ತಿಗೂ ಬೆರಳು ಮೊದಲೇ ಎಳೆಯುತ್ತಿಲ್ಲ ಅಂದರೆ ಪಾತ್ರದ ಎದೆಯ ಚಲನೆ ಸಾಲದು, ಅದನ್ನು ಇನ್ನೂ ದೊಡ್ಡದು ಮಾಡಿ. ಬರಹದಲ್ಲಿ ಸೂಚನೆ ಸೇರಿಸುವುದು ಕೊನೆಯ ಉಪಾಯ.

ಮೊದಲ ಬಿಡುಗಡೆಗೆ ಒಂದು ಹಾಲ್, ಐದು ವರಸೆ, ಮೂರು ಹಾಡು ಸಾಕು. ಇಚ್.ಐಓ ತಾಣದಲ್ಲಿ ಖರ್ಚಿಲ್ಲದೆ ಹಾಕಬಹುದು, ಅಲ್ಲಿಂದ ಬರುವ ಅಭಿಪ್ರಾಯಗಳೂ ಉಪಯೋಗಕ್ಕೆ ಬರುತ್ತವೆ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್ ನೋಂದಣಿ ಶುಲ್ಕ ಇದೆ. ಎರಡನೇ ನೃತ್ಯ ಸೇರಿಸುವಾಗ ಸ್ಲೋ ಫಾಕ್ಸ್‌ಟ್ರಾಟ್ ತೆಗೆದುಕೊಳ್ಳಿ. ಅದರಲ್ಲಿ ಬಾರ್‌ಗೆ ನಾಲ್ಕು ಬೀಟ್, ನಿಧಾನದ ಹೆಜ್ಜೆಗೆ ಎರಡು ಬೀಟ್, ಚುರುಕಿನದಕ್ಕೆ ಒಂದು. ಹಾಗಾಗಿ ಸೂಚನೆಯ ಸಮಯವನ್ನು ಮಿಲಿಸೆಕೆಂಡ್‌ನಲ್ಲಿ ಅಲ್ಲ, ಬೀಟ್‌ನ ಭಾಗವಾಗಿ ಈಗಲೇ ಬರೆದಿಟ್ಟುಕೊಂಡರೆ ಆಗ ಕೋಡ್ ಬದಲಿಸುವ ಕೆಲಸ ಬೀಳುವುದಿಲ್ಲ.